ತಂಗಿಯ ಗ್ಯಾರೇಜಿನ ತಕ್ಕಡಿ

ಕೆನಡಾದಿಂದ ಬಂದ ಮೇಲೆ ನಮ್ಮ ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ನಯಾಗರ ಹೇಗಿತ್ತು? ನಯಾಗರ ಚೆನ್ನಾಗಿತ್ತು, ತುಂಬಾ ನೀರು ಬೀಳುತ್ತಿತ್ತು. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ನಾನು ಅಲ್ಲಿದ್ದದ್ದೇ ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ಗಂಟೆ ಟಾಯ್ಲೆಟ್ಟಿನ ಸಾಲಿನಲ್ಲಿ. 2017ರ ಬೇಸಿಗೆಯಲ್ಲಿ ಆರು ವಾರ ಅಲ್ಲಿದ್ದು ನಾನು ಕಣ್ತುಂಬ ನೋಡಿದ ಕೆನಡಾ ಎಂದರೆ ಮಿಸಿಸಾಗದ ಎರಿನ್ ಮಿಲ್ಸ್ ಬಡಾವಣೆಯ ಒಂದು ಗ್ಯಾರೇಜು. ಅಲ್ಲಿ ನನ್ನ ತಂಗಿ ಸೀಸ ಕರಗಿಸಿ ರಿವಾಲ್ವರಿಗೆ ಗುಂಡು ಎರೆಯುತ್ತಿದ್ದಳು.

ಇಷ್ಟು ಕೇಳಿದವರು "ಕಾಲು ಕೆಜಿ ಕೊಡಿ, ಚಿಕೋರಿ ಕಮ್ಮಿ ಇರ್ಲಿ" ಎಂದು ಚೀಲ ಮುಂದೆ ಹಿಡಿಯುತ್ತಾರೆ. ಯಾರೂ ಪೂರ್ತಿ ಕೇಳುವುದಿಲ್ಲ. ಹಾಗಾಗಿ ಬರೆದೇ ಹೇಳುತ್ತೇನೆ.

ನನ್ನದು ತಿಪಟೂರಿನಲ್ಲಿ ಕಾಫಿಪುಡಿ ಅಂಗಡಿ. ಅಪ್ಪನ ಕಾಲದ್ದು. ಅವರ ನಂತರ ಮೂವತ್ತು ವರ್ಷದಿಂದ ನಾನೇ ಹುರಿದು, ಬೀಸಿ, ತೂಗಿ ಕೊಡುತ್ತಿದ್ದೇನೆ. ತಂಗಿ ವಿಜಯ, ಮನೆಯಲ್ಲಿ ವಿಜಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಕಾಫಿ ಹುರಿಯುವ ಹೊಗೆಗೆ ತಲೆನೋವು ಬರುತ್ತದೆ ಎಂದು ಅಂಗಡಿಯ ಕಡೆ ತಲೆ ಹಾಕದೆ ಬಿ.ಫಾರ್ಮ ಓದಿದಳು, ಮದುವೆಯಾದಳು, ಕೆನಡಾದಲ್ಲಿ ಮತ್ತೆ ಪರೀಕ್ಷೆಗಳನ್ನೆಲ್ಲ ಬರೆದು ಫಾರ್ಮಸಿಸ್ಟ್ ಆದಳು. ಚಿಕ್ಕಂದಿನಲ್ಲಿ ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದ ಹುಡುಗಿ. ಇವಳ ಕೈಗೆ ರಿವಾಲ್ವರ್ ಯಾರು ಕೊಟ್ಟರು ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು.

ಎರಿನ್ ಮಿಲ್ಸ್, ಮೊದಲ ವಾರ

ವಿಜಿಯ ಮನೆಯಲ್ಲಿ ಎಲ್ಲ ಡಬ್ಬಿಗೂ ಚೀಟಿ. ಸಾಸಿವೆ ಡಬ್ಬಿಯ ಮೇಲೆ ಸಾಸಿವೆ ಎಂದು ಬರೆದು, ತಂದ ತಾರೀಕು, ಮುಗಿಯಬೇಕಾದ ತಾರೀಕು. ಪಾತ್ರೆ ತೊಳೆಯಲು ಯಂತ್ರ, ಬಟ್ಟೆ ಒಗೆಯಲು ಯಂತ್ರ, ಒಣಗಿಸಲೂ ಯಂತ್ರ. ನಾನು ಏನು ಮುಟ್ಟಿದರೂ "ಅಕ್ಕ, ನೀನು ರೆಸ್ಟ್ ತಗೋ" ಎನ್ನುತ್ತಿದ್ದಳು. ಮೂವತ್ತು ವರ್ಷ ನಿಂತೇ ಕೆಲಸ ಮಾಡಿದವಳಿಗೆ ಸೋಫಾದ ಮೇಲೆ ಕೂತು ಸೊಂಟ ಹಿಡಿದುಕೊಂಡಿತು. ನಾಲ್ಕನೆಯ ದಿನ ಯಾರಿಗೂ ಹೇಳದೆ ಅಡುಗೆಮನೆಯ ನೆಲ ಒರೆಸಿದೆ. ಸಿಂಕಿನ ಕೆಳಗಿದ್ದ ನೀಲಿ ಬಾಟಲಿಯಲ್ಲಿ ಇದ್ದದ್ದು ಬಟ್ಟೆ ಮೃದುವಾಗಿಸುವ ದ್ರವವಂತೆ. ಆ ಸಂಜೆ ವಿಜಿಯ ಗಂಡ ಮೋಹನ್ ಫ್ರಿಜ್ಜಿನಿಂದ ಡೈನಿಂಗ್ ಟೇಬಲ್ಲಿನವರೆಗೆ ಜಾರಿಕೊಂಡೇ ಬಂದರು. ಮರುದಿನದಿಂದ ಸಿಂಕಿನ ಕೆಳಗೂ ಚೀಟಿ ಬಂತು.

ಮೋಹನ್ ಮೈಸೂರಿನವರು, ನಾರ್ತ್ ಯಾರ್ಕಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಜ್ಜನ. ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುವ ಮನುಷ್ಯ. ಶ್ಯಾಂಪೂ ಬಾಟಲಿಯ ಮೇಲೆ ಎರಡು ಸಲ ಹಚ್ಚಿ ತೊಳೆಯಿರಿ ಎಂದಿದ್ದರೆ ಎರಡು ಸಲವೇ.

ಮೊದಲ ಶನಿವಾರ ವಿಜಿ ಬೀಗ ಹಾಕಿದ ಒಂದು ಪೆಟ್ಟಿಗೆ ಹಿಡಿದು ಕ್ಲಬ್ಬಿಗೆ ಹೊರಟಳು. ಹಾರ್ಮೋನಿಯಂ ಏನಾದರೂ ಕಲಿಯುತ್ತಿದ್ದಾಳೇನೋ ಎಂದು ಮೋಹನರನ್ನು ಕೇಳಿದೆ.

"ಇಲ್ಲ ಅತ್ತಿಗೆ, ಅದ್ರಲ್ಲಿ ರಿವಾಲ್ವರ್ ಇದೆ" ಎಂದರು, ಕೊಡೆ ಇದೆ ಎನ್ನುವ ಹಾಗೆ.

ಅವಳು ಬಂದ ಕೂಡಲೇ ಹಿಡಿದುಕೊಂಡೆ. "ಏನೇ ಇದು ವಿಜಿ? ಯಾರನ್ನ ಹೊಡೀಬೇಕು ಅಂತ?"

"ಯಾರನ್ನೂ ಇಲ್ಲ ಅಕ್ಕ. ಪೇಪರ್‌ನ."

"ಕಾಗದ ಹರಿಯೋಕೆ ಅಷ್ಟು ದೂರ ಹೋಗ್ಬೇಕಾ?"

ನಕ್ಕಳು. ಆಮೇಲೆ ಕೂರಿಸಿಕೊಂಡು ಹೇಳಿದಳು. ಕೋರ್ಸು ಮಾಡಿ, ಪರೀಕ್ಷೆ ಪಾಸಾಗಿ, ಪೊಲೀಸರು ಹಿಂದುಮುಂದನ್ನೆಲ್ಲ ವಿಚಾರಿಸಿ, ಮೋಹನರಿಂದಲೂ ಒಪ್ಪಿಗೆ ಕೇಳಿ ಕೊಟ್ಟ ಲೈಸೆನ್ಸು. ರಿವಾಲ್ವರಿಗೊಂದು ಬೀಗ, ಅದನ್ನಿಟ್ಟ ಪೆಟ್ಟಿಗೆಗೊಂದು ಬೀಗ. ಮನೆ ಬಿಟ್ಟರೆ ಕ್ಲಬ್ಬು, ಕ್ಲಬ್ಬು ಬಿಟ್ಟರೆ ಮನೆ. ಇವಳಿಗೆ ಗಂಡು ನೋಡುವಾಗ ನಾವು ಇಷ್ಟು ವಿಚಾರಿಸಿರಲಿಲ್ಲ.

"ಡ್ಯೂಟೀಲಿ ಹತ್ತು ಗಂಟೆ ಜನ ಬೈತಾನೇ ಇರ್ತಾರೆ. ಮಾತ್ರೆ ಲೇಟು, ಇನ್ಶೂರೆನ್ಸ್ ಆಗ್ಲಿಲ್ಲ, ಎಲ್ಲಾ ನಮ್ ತಪ್ಪೇ" ಎಂದಳು. "ಅಲ್ಲಿ ನಂಗೆ ಯಾರೂ ಏನೂ ಕೇಳಲ್ಲ ಅಕ್ಕ. ಕೇಳಿದ್ರೂ ಕಿವಿ ಮೇಲೆ ಸದ್ದು ತಡೆಯೋ ಮಫ್ಸ್ ಇರತ್ತೆ."

ಅವಳ ರಿವಾಲ್ವರು ಮ್ಯಾಗ್ನಮ್ ಜಾತಿಯದು. ಮಾಮೂಲಿಗಿಂತ ಉದ್ದದ ತೋಟಾ, ಹೆಚ್ಚು ಮದ್ದಿನ ಪುಡಿ, ಹೆಚ್ಚು ಏಟು. ಅಂಗಡಿಯಲ್ಲಿ ಸಿಗುವ ತೋಟಾ ಹೊಡೆದರೆ ಅವಳ ಮಣಿಕಟ್ಟು ಎರಡು ದಿನ ನೋಯುತ್ತಿತ್ತು. ಅದಕ್ಕೆ ಸೀಸದ ಗುಂಡು ತಾನೇ ಎರೆದು, ಪುಡಿಯನ್ನು ತಾನೇ ತೂಗಿ, ತನ್ನ ಕೈಗೆ ಒಗ್ಗುವ ತೋಟಾ ಮಾಡಿಕೊಳ್ಳುತ್ತಿದ್ದಳು. ಇಂಥ ಗುಂಡಿಗೆ ಇಂಥ ಪುಡಿ ಎಲ್ಲಿಂದ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಲೇಬೇಕು ಎಂದು ಹೇಳುವ ದಪ್ಪ ಪುಸ್ತಕವಿದೆ. ಕೆಳಗಿನ ಅಳತೆಯಿಂದ ಹೊರಟು, ಒಂದೊಂದೇ ಮೆಟ್ಟಿಲು ಹತ್ತಿ, ಪ್ರತಿ ಮೆಟ್ಟಿಲಿಗೂ ಹತ್ತು ತೋಟಾ ಹೊಡೆದು ನೋಡಬೇಕು. ಏಪ್ರಿಲಿನಿಂದ ಅವಳು ಇದೇ ಕೆಲಸದಲ್ಲಿದ್ದಳು. ಮೇಲಿನ ಗೆರೆ ದಾಟಿದರೆ ರಿವಾಲ್ವರು ಕೈಯಲ್ಲೇ ಸಿಡಿಯಬಹುದು ಎಂಬುದನ್ನೂ ಔಷಧಿ ಚೀಟಿ ಓದುವ ದನಿಯಲ್ಲೇ ಹೇಳಿದಳು.

ಗ್ಯಾರೇಜು

ಭಾನುವಾರ ಗುಂಡು ಎರೆಯುವ ದಿನ. ಗ್ಯಾರೇಜಿನ ದೊಡ್ಡ ಬಾಗಿಲು ಪೂರ್ತಿ ತೆರೆದು, ಹೊಗೆ ಹೊರಗೆ ಹೋಗುವಂತೆ ಫ್ಯಾನು ಇಟ್ಟು, ಕನ್ನಡಕ, ಚರ್ಮದ ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು ವಿಜಿ ಕರೆಂಟಿನ ಪಾತ್ರೆಯಲ್ಲಿ ಸೀಸ ಕಾಯಲು ಇಡುತ್ತಿದ್ದಳು. ನಾಯಿ ಹಿಡಿದು ವಾಕಿಂಗ್ ಹೋಗುವವರು ಅವಳಿಗೆ ಕೈ ಬೀಸಿ ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಯಾರಾದರೂ ಮನೆ ಮುಂದೆ ಹೀಗೆ ಗುಂಡು ಎರೆದಿದ್ದರೆ ಅರ್ಧ ಗಂಟೆಯಲ್ಲಿ ಇಡೀ ಊರು ಅಲ್ಲಿರುತ್ತಿತ್ತು, ಸಲಹೆ ಕೊಡಲು.

ನಾನು ಬಿಸಿ ಕಾಫಿ ಹಿಡಿದು ಒಳಗೆ ಹೋದೆ. ಹೋದಷ್ಟೇ ಬೇಗ ಹೊರಗೆ ಬಂದೆ. ಸೀಸ ಇರುವ ಕಡೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಮುಟ್ಟಿದರೆ ಕೈ ತೊಳೆಯದೆ ಮುಖ ಮುಟ್ಟುವಂತಿಲ್ಲ. ತಿಪಟೂರಿನಿಂದ ಅವಳಿಗೆಂದೇ ಎರಡು ಕೆಜಿ ಪುಡಿ ಹೊತ್ತುಕೊಂಡು ಬಂದ ನನಗೆ ಕಾಫಿಗೆ ಪ್ರವೇಶವಿಲ್ಲದ ಜಾಗ ಎಂದು ಕೇಳಿಯೇ ಕೋಪ ಬಂತು. ಆದರೂ ನಿಂತು ನೋಡಿದೆ. ಸೀಸ ಕರಗಿ ಬೆಳ್ಳಗೆ ಮಿನುಗುತ್ತಿತ್ತು. ಚಿಕ್ಕಂದಿನಲ್ಲಿ ಬೀದಿಗೆ ಬರುತ್ತಿದ್ದ ಕಲಾಯಿಯವನ ನೆನಪಾಯಿತು. ಎರಡು ಹೋಳಿನ ಕಬ್ಬಿಣದ ಅಚ್ಚಿಗೆ ಸೀಸ ಹೊಯ್ದು, ಎಣಿಸಿ, ಅಚ್ಚು ಬಿಡಿಸಿದರೆ ಮಡಚಿಟ್ಟ ಟವೆಲ್ಲಿನ ಮೇಲೆ ಗುಂಡು ಬೀಳುತ್ತಿತ್ತು.

ಮೊದಲ ಏಳೆಂಟು ಗುಂಡುಗಳ ಮೈಯೆಲ್ಲ ಸುಕ್ಕು.

"ಹೆಂಚು ಕಾದಿಲ್ಲ ಕಣೇ" ಎಂದೆ.

ವಿಜಿ ತಿರುಗಿ ನೋಡಿದಳು. "ಕರೆಕ್ಟ್ ಅಕ್ಕ. ಅಚ್ಚು ತಣ್ಣಗಿದ್ರೆ ಹೀಗೇ ಬರತ್ತೆ. ನಂಗೆ ಇದು ಗೊತ್ತಾಗೋಕೆ ಒಂದು ತಿಂಗಳು ಹಿಡೀತು."

ಈ ಹೊಗಳಿಕೆ ನನ್ನ ತಲೆಗೇರಿತು. ಮೊದಲ ದೋಸೆ ಏಳದೆ ಇದ್ದಾಗ ಏನು ಮಾಡುತ್ತೇವೆ? ಹೆಂಚಿನ ಮೇಲೆ ನೀರು ಚಿಮುಕಿಸಿ ಕಾವು ನೋಡುತ್ತೇವೆ. ಆಗಷ್ಟೇ ಹೊರಗಿನ ನಲ್ಲಿಯಲ್ಲಿ ಕೈ ತೊಳೆದು ಬಂದಿದ್ದೆ, ಬೆರಳಿನಲ್ಲಿ ನೀರಿತ್ತು. ಸೀಸದ ಪಾತ್ರೆಯ ಕಡೆಗೆ ಕೈ ಎತ್ತಿದೆ.

ವಿಜಿ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಎರಡು ಬಳೆ ಬಗ್ಗಿದವು. ಕಾದ ಸೀಸಕ್ಕೆ ಒಂದು ಹನಿ ನೀರು ಸಿಕ್ಕರೆ ಅದು ಆವಿಯಾಗಿ ಸಿಡಿದು ಪಾತ್ರೆಯ ಸೀಸವನ್ನೆಲ್ಲ ಮುಖಕ್ಕೆ ಎರಚುತ್ತದಂತೆ. ಇಷ್ಟು ಹೇಳಿ ಅವಳು ನನ್ನನ್ನು ಬೈದಳು. ಅವಳು ಹುಟ್ಟಿದಾಗಿನಿಂದ ಬೈಯುವ ಕೆಲಸ ನನ್ನದಾಗಿತ್ತು. ಅವತ್ತು ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಆಮೇಲೆ ಮೋಹನ್ ಗ್ಯಾರೇಜಿನ ನೆಲಕ್ಕೆ ಹಳದಿ ಟೇಪು ಅಂಟಿಸಿದರು. ಅದರ ಆಚೆ ನಾನು, ಈಚೆ ಕೆಲಸ.

ಬರ್ಲಿಂಗ್ಟನ್ ಆಚೆ

ನಾನು ಮನೆಯಲ್ಲಿ ಸಪ್ಪಗಿದ್ದುದನ್ನು ನೋಡಿ ಮುಂದಿನ ಶನಿವಾರ ವಿಜಿ ನನ್ನನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಬರ್ಲಿಂಗ್ಟನ್ ದಾಟಿ ಹೊಲಗಳ ನಡುವೆ ಒಂದು ಉದ್ದನೆಯ ಶೆಡ್ಡು. ಒಳಗೆ ಅತಿಥಿಗಳ ಪುಸ್ತಕಕ್ಕೆ ಸಹಿ ಹಾಕಿ, ಕಿವಿಗೆ ಮುಚ್ಚಿಗೆ, ಕಣ್ಣಿಗೆ ಕನ್ನಡಕ. ಇಷ್ಟು ಸದ್ದು ಮಾಡುವ ಜಾಗದಲ್ಲಿ ಇಷ್ಟು ಮೆದುವಾಗಿ ಮಾತಾಡುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ದಾರಿ ಬಿಡಿ ಎನ್ನುವ ಮೊದಲೇ ಸಾರಿ ಎನ್ನುತ್ತಿದ್ದರು.

ವಿಜಿಯ ಗುರು ವಾಲ್ಟರ್ ಎಂಬ ಮುದುಕ. ಕಾರ್ಖಾನೆಯಲ್ಲಿ ಲೇತು ಓಡಿಸಿ ನಿವೃತ್ತನಾದವನು, ಟೈರಿನ ಅಂಗಡಿಗಳನ್ನು ಸುತ್ತಿ, ಚಕ್ರದ ತೂಕ ಸರಿದೂಗಿಸಲು ಹಾಕುವ ಹಳೆ ಸೀಸ ಒಟ್ಟು ಮಾಡಿ ಶಿಷ್ಯರಿಗೆಲ್ಲ ಹಂಚುತ್ತಿದ್ದ. ವಿಜಿ ಹೊಡೆದು ಮುಗಿಸಿದ ಖಾಲಿ ತೋಟಾಗಳನ್ನು ಒಂದೊಂದಾಗಿ ಎತ್ತಿ, ನಮ್ಮೂರ ಹಳೆ ಡಾಕ್ಟರು ನಾಲಿಗೆ ನೋಡುವಂತೆ ತಿರುಗಿಸಿ ನೋಡುತ್ತಿದ್ದ. ತಳ ಚಪ್ಪಟೆಯಾಗಿದೆಯೇ, ಹೊರಗೆ ತೆಗೆಯುವಾಗ ಬಿಗಿಯಾಯಿತೇ, ನಳಿಗೆಯ ಒಳಗೆ ಸೀಸ ಮೆತ್ತಿದೆಯೇ. ಒತ್ತಡ ಹೆಚ್ಚಾದರೆ ಮೊದಲು ಇವುಗಳಲ್ಲೇ ಗೊತ್ತಾಗುತ್ತದಂತೆ.

ನೀನೇನು ಮಾಡುತ್ತೀ ಎಂದು ನನ್ನನ್ನು ಕೇಳಿದ. ಅಂಗಡಿಯ ಇಂಗ್ಲಿಷಿನಲ್ಲಿ, ಕಾಫಿ ತೂಗುತ್ತೇನೆ ಎಂದೆ. ಆತ ತಮಾಷೆಗೆಂದು ವಿಜಿಯ ಡಬ್ಬಿಯಿಂದ ಐದು ಗುಂಡು ತೆಗೆದು ಒಂದೊಂದಾಗಿ ನನ್ನ ಅಂಗೈಗೆ ಹಾಕಿದ. ನಾಲ್ಕನೆಯದು ಹಗುರ ಎಂದೆ. ಜೇಬಿನಿಂದ ಪುಟ್ಟ ತಕ್ಕಡಿ ತೆಗೆದು ತೂಗಿದ. ಹಗುರವೇ. ಒಳಗೆ ಗಾಳಿಗುಳ್ಳೆ ಇರಬೇಕೆಂದು ಅದನ್ನು ಪಕ್ಕಕ್ಕೆ ಎಸೆದ.

"ಇಂಥ ಕೈಯನ್ನು ಹಳದಿ ಟೇಪಿನ ಆಚೆ ನಿಲ್ಲಿಸಿದ್ದೀಯಾ?" ಎಂದು ವಿಜಿಯನ್ನು ಕೇಳಿದ. ಟೇಪಿನ ವಿಷಯ ಅಷ್ಟರಲ್ಲಿ ಇಡೀ ಕ್ಲಬ್ಬಿಗೇ ಗೊತ್ತಾಗಿತ್ತು.

ಗುರುವಾರ, ತಕ್ಕಡಿಯ ಮುಂದೆ

ಗುರುವಾರ ವಿಜಿಗೆ ರಜೆ. ಎರಡು ವಾರ ಕಳೆದ ಮೇಲಿನ ಒಂದು ಗುರುವಾರ ಮಧ್ಯಾಹ್ನ ಊಟ ಮುಗಿಸಿ ತೋಟಾ ತುಂಬಲು ಕೂತಳು. ಮೂರು ಡಬ್ಬಿ, ಒಂದೊಂದರಲ್ಲಿ ಹತ್ತು. ಬಿಳಿ ಚೀಟಿಯದು ಕಮ್ಮಿ ಪುಡಿ, ಹಸಿರಿನದು ಸ್ವಲ್ಪ ಹೆಚ್ಚು, ಕೆಂಪಿನದು ಪುಸ್ತಕದ ಮೇಲಿನ ಗೆರೆಗೆ ತೀರಾ ಹತ್ತಿರ. ಬಿಳಿ, ಹಸಿರು ಎರಡನ್ನೂ ಅವಳೇ ತೂಗಿ ಮುಗಿಸಿದಳು. ನಾನು ಟೇಪಿನ ಆಚೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ.

"ಅಕ್ಕ, ಬಾ. ಕೆಂಪು ನೀನು ತೂಗು."

ಮೊದಲ ದಿನ ಅಪ್ಪ ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿದಾಗ ಆದಷ್ಟೇ ಸಂತೋಷವಾಯಿತು. ಮೇಜಿನ ಮೇಲೆ ಒಂದೇ ಪುಡಿಯ ಡಬ್ಬಿ ಇರಬೇಕು, ಫೋನು ಆಫ್, ಮಾತಿಲ್ಲ. ಪುಡಿ ಕಪ್ಪಗೆ ಹುರಿದ ಗಸಗಸೆಯ ಹಾಗಿತ್ತು. ಅಳತೆ ಗ್ರೇನಿನಲ್ಲಿ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನು ತೂಗುತ್ತದೆ ಎಂದರೆ ಅದು ಎಷ್ಟು ಸಣ್ಣದೆಂದು ತಿಳಿಯುತ್ತದೆ. ಪುಟ್ಟ ಚಮಚದಲ್ಲಿ ಪುಡಿ ಎತ್ತಿ ತಕ್ಕಡಿಯ ತಟ್ಟೆಗೆ ಉದುರಿಸುವುದು, ಅಂಕಿ ಸರಿಬಂದಾಗ ನಿಲ್ಲಿಸುವುದು, ತಟ್ಟೆಯ ಪುಡಿಯನ್ನು ಆಲಿಕೆಯಿಂದ ತೋಟಾದ ಹಿತ್ತಾಳೆಯ ಕೊಳವೆಗೆ ಸುರಿಯುವುದು. ಹೀಗೆ ಹತ್ತು. ವಿಜಿ ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತು ಗುಂಡುಗಳಿಗೆ ಮೇಣ ಹಚ್ಚುತ್ತಿದ್ದಳು. ನನಗೆ ಮೈಮೇಲೆ ಎಚ್ಚರವೇ ಇರಲಿಲ್ಲ, ಅಷ್ಟು ಸುಖವಾಗಿತ್ತು.

ಮುಗಿದ ಮೇಲೆ ವಿಜಿ ಟಾರ್ಚು ಹಿಡಿದು ಹತ್ತೂ ಕೊಳವೆಗಳಲ್ಲಿ ಪುಡಿಯ ಮಟ್ಟ ನೋಡಿದಳು. ಒಂದರಲ್ಲಿ ಮೇಲೆ, ಒಂದರಲ್ಲಿ ಕೆಳಗೆ ಇದ್ದರೆ ತಪ್ಪಾಗಿದೆ ಎಂದರ್ಥ.

"ಎಷ್ಟು ಸಮ ಇದೆ ಅಕ್ಕ. ನಂದೇ ಇಷ್ಟು ಸಮ ಬರಲ್ಲ."

ಇದರ ಮೇಲೆ ಇನ್ನೊಂದು ನಿಯಮವೂ ಇತ್ತು. ಒಂದೆರಡನ್ನು ಮತ್ತೆ ತಟ್ಟೆಗೆ ಸುರಿದು ತೂಗಿ ನೋಡಬೇಕು. ಅವಳು ಒಂದನ್ನು ಎತ್ತಿಕೊಂಡಳು, ನನ್ನ ಮುಖ ನೋಡಿದಳು, ಹಾಗೇ ವಾಪಸ್ಸು ಇಟ್ಟು ಗುಂಡು ಕೂರಿಸಿಬಿಟ್ಟಳು. ನಾನು ಅದನ್ನು ಗಮನಿಸಿದೆ. ಆ ದಿನ ಎರಡು ತುತ್ತು ಹೆಚ್ಚೇ ಉಂಡೆ.

ಶನಿವಾರ, ತರಕಾರಿ ಅಂಗಡಿ

ಶನಿವಾರ ಬೆಳಿಗ್ಗೆ ವಿಜಿ ಮೂರು ಡಬ್ಬಿ ಹಿಡಿದು ಕ್ಲಬ್ಬಿಗೆ ಹೋದಳು. ಮೋಹನ್ ನನ್ನನ್ನು ನಮ್ಮ ದೇಶದ ಸಾಮಾನು ಸಿಗುವ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಹಸಿಮೆಣಸಿನಕಾಯಿ ಆರಿಸಿ ಕೌಂಟರಿಗೆ ಕೊಟ್ಟೆ. ಅಲ್ಲಿದ್ದ ಪಂಜಾಬಿ ಹುಡುಗಿ ತೂಗಿ, ಕವರು ನನ್ನ ಕೈಗೆ ಕೊಟ್ಟಳು. ನಾನು ಕವರಿನ ಬಾಯಿ ಅಗಲಿಸಿ ಹಿಡಿದೇ ನಿಂತಿದ್ದೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಹಿಂದೆ ಸಾಲು ಬೆಳೆಯಿತು.

"ಅತ್ತಿಗೆ, ಆಯ್ತು ಬನ್ನಿ" ಎಂದರು ಮೋಹನ್.

"ಕೊಸರು?"

"ಇಲ್ಲಿ ಅದೆಲ್ಲಾ ಇಲ್ಲ ಅತ್ತಿಗೆ."

ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ದೇಶ, ಎರಡು ಮೆಣಸಿನಕಾಯಿ ಕೊಸರು ಹಾಕಲು ಕೈ ಬರುವುದಿಲ್ಲವೇ? ಪಕ್ಕಕ್ಕೆ ಸರಿದು ಮೋಹನರಿಗೆ ಪಾಠ ಶುರು ಮಾಡಿದೆ. "ನಮ್ ಅಂಗಡೀಲಿ ನೋಡಿ, ತಕ್ಕಡಿ ಸರಿಯಾಗಿ ನಿಂತ ಮೇಲೆ ಪುಡೀನ ಪೊಟ್ಟಣಕ್ಕೆ ಸುರೀತೀನಿ. ಆಮೇಲೆ ಚಮಚದಲ್ಲಿ ಒಂದು ಚಿಟಿಕೆ, ಸೀದಾ ಪೊಟ್ಟಣಕ್ಕೆ. ಅದನ್ನ ತಕ್ಕಡೀಲಿ ಹಾಕಂಗಿಲ್ಲ, ಹಾಕಿದ್ರೆ ಅದು ತೂಕ ಆಗೋಗತ್ತೆ, ಕೊಸರಾಗಲ್ಲ. ಅಪ್ಪ ಹೇಳ್ಕೊಟ್ಟಿದ್ದು. ಮೂವತ್ತು ವರ್ಷದಲ್ಲಿ ಒಂದು ಪೊಟ್ಟಣಕ್ಕೂ ತಪ್ಪಿಲ್ಲ. ಹಾಕ್ಬೇಕು ಅಂತ ಅಂದ್ಕೊಳ್ಳೋದೂ ಇಲ್ಲ, ಕೈ ತಾನಾಗೇ..."

ನನ್ನ ಕೈಯನ್ನೇ ನೋಡಿಕೊಂಡೆ.

ನನ್ನ ಬಲಗೈ ಗಾಳಿಯಲ್ಲಿತ್ತು, ಹೆಬ್ಬೆರಳು ತೋರುಬೆರಳಿನ ನಡುವೆ ಇಲ್ಲದ ಚಮಚ ಹಿಡಿದು. ಗುರುವಾರ ಮಧ್ಯಾಹ್ನ ಅದೇ ಕೈ ತಟ್ಟೆ ಸುರಿದಾದ ಮೇಲೆ ಆಲಿಕೆಯ ಮೇಲೆ ಹೀಗೇ ಹೋಗಿತ್ತು. ಹತ್ತು ಸಲ. ನನಗೆ ಆಗ ತಿಳಿದಿರಲಿಲ್ಲ, ಈಗ ಕೈಗೆ ನೆನಪಿತ್ತು.

"ಮೋಹನ್, ನಾನು ಕೊಸರು ಹಾಕಿದೀನಿ."

"ಯಾವುದಕ್ಕೆ?"

"ಕೆಂಪು ಡಬ್ಬಿಗೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ಬಿಳಚಿಕೊಂಡಿತು. "ಎಷ್ಟು ಹಾಕಿರ್ತೀರಾ?"

"ಅರ್ಧ ಗುಲಗಂಜಿ ಆಗ್ಬೋದು."

"ಕೆಂಪು ಮೊದ್ಲೇ ಲಿಮಿಟ್ ಪಕ್ಕದಲ್ಲಿದೆ ಅತ್ತಿಗೆ" ಎಂದರು. ವಿಜಿಯ ಫೋನು ಬ್ಯಾಗಿನಲ್ಲಿ ಆಫ್ ಆಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ಮಾಡಿದರು. ಕ್ಲಬ್ಬಿನ ಆಫೀಸಿಗೆ ಮಾಡಿದರೆ ಯಂತ್ರ ಮಾತಾಡಿತು. ಮೆಣಸಿನಕಾಯಿ ಅಲ್ಲೇ ಬಿಟ್ಟು ಕಾರಿಗೆ ಓಡಿದೆವು.

403ರ ಮೇಲೆ

ಹೈವೇಯ ಬೋರ್ಡಿನಲ್ಲಿ ನೂರು ಎಂದು ಬರೆದಿತ್ತು. ಮೋಹನರ ಕಾರು ತೊಂಬತ್ತೊಂಬತ್ತರಲ್ಲಿ ಹೋಗುತ್ತಿತ್ತು. ಎರಡೂ ಕಡೆಯಿಂದ ಎಲ್ಲರೂ ನಮ್ಮನ್ನು ದಾಟುತ್ತಿದ್ದರು. ಮನೆ ಸಾಮಾನು ಹೇರಿಕೊಂಡ ಲಾರಿ ಕೂಡ ದಾಟಿತು.

"ಸ್ವಲ್ಪ ಜೋರಾಗಿ ಹೋಗಿ ಮೋಹನ್."

"ನೂರು ಅಂತ ಇದೆ ಅತ್ತಿಗೆ."

"ಎಲ್ರೂ ನೂರಿಪ್ಪತ್ತರಲ್ಲಿ ಹೋಗ್ತಿದಾರಲ್ಲಪ್ಪ."

"ಅದು ತಪ್ಪು."

"ತಪ್ಪಲ್ಲ, ಅದು ಈ ರಸ್ತೆಯ ಕೊಸರು. ನೀವೂ ಹಾಕಿ."

ಮೋಹನ್ ನನ್ನ ಕಡೆ ಒಮ್ಮೆ, ಬೋರ್ಡಿನ ಕಡೆ ಒಮ್ಮೆ ನೋಡಿದರು. "ರಾಯರೇ" ಎಂದು ಕಾಲು ಒತ್ತಿದರು. ಮುಳ್ಳು ನೂರೈದಾಯಿತು, ನೂರಹದಿನೈದಾಯಿತು. ಹದಿನೇಳು ವರ್ಷದಲ್ಲಿ ಇದೇ ಮೊದಲು ಎಂದು ಆಮೇಲೆ ಹೇಳಿದರು. ಅವರ ಎರಡೂ ಕಿವಿ ಕೆಂಪಗಾಗಿದ್ದವು.

ನನಗೆ ಜೀವನದಲ್ಲಿ ಅಷ್ಟು ಭಯ ಎಂದೂ ಆಗಿರಲಿಲ್ಲ. ವಿಜಿಯ ಬೆರಳುಗಳು ಕಣ್ಣ ಮುಂದೆ ಬರುತ್ತಿದ್ದವು. ದಿನಕ್ಕೆ ಸಾವಿರ ಮಾತ್ರೆ ಎಣಿಸುವ ಬೆರಳು, ಚಿಕ್ಕಂದಿನಲ್ಲಿ ನನ್ನ ಲಂಗ ಹಿಡಿದು ಸ್ಕೂಲಿಗೆ ಬರುತ್ತಿದ್ದ ಬೆರಳು. ಗಿರಾಕಿಗೆ ಮೋಸವಾಗಬಾರದೆಂದು ಕಲಿತ ಕೈ ತಂಗಿಯ ಕೈಗೇ ಕುತ್ತು ತಂದಿದೆಯಲ್ಲ ಎಂದು ಅತ್ತುಬಿಟ್ಟೆ. ಬಿಳಿಯದನ್ನು ಮೊದಲು ಹೊಡೆಯುತ್ತಾಳೆ, ಆಮೇಲೆ ಹಸಿರು, ಪ್ರತಿ ಸಲವೂ ನಿಂತು ನಳಿಗೆ ನೋಡುತ್ತಾಳೆ, ಅವಳು ನಿಧಾನ, ಅವಳು ಬಹಳ ನಿಧಾನ ಎಂದು ಮೋಹನ್ ಹೇಳುತ್ತಲೇ ಇದ್ದರು. ನನಗಿಂತ ಹೆಚ್ಚಾಗಿ ತಮಗೇ ಹೇಳಿಕೊಳ್ಳುತ್ತಿದ್ದರು.

ಮತ್ತೆ ಕ್ಲಬ್ಬು

ಕಾರು ನಿಲ್ಲುವ ಮೊದಲೇ ಇಳಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ವಿಜಿ ಕೊಡಿಸಿದ ಸ್ನೀಕರ್ ಹಾಕಿಕೊಂಡು ಓಡಿದೆ. ಬಾಗಿಲಲ್ಲಿ ನೇತುಹಾಕಿದ್ದ ಕಿವಿಮುಚ್ಚಿಗೆ, ಕನ್ನಡಕ ಸಿಕ್ಕಿಸಿಕೊಂಡು ಒಳಗೆ ನುಗ್ಗಿದೆ. ಐದು ಜನ ಸಾಲಾಗಿ ನಿಂತಿದ್ದರು, ಮೂರನೆಯವಳು ವಿಜಿ. ಅವಳ ಮುಂದೆ ಕೆಂಪು ಚೀಟಿಯ ಡಬ್ಬಿ ತೆರೆದಿತ್ತು, ರಿವಾಲ್ವರಿನ ಉರುಳೆಗೆ ತೋಟಾ ತುಂಬುತ್ತಿದ್ದಳು.

ಲಾರಿಯಿಂದ ಬೀಜದ ಮೂಟೆ ಇಳಿಸುವವರನ್ನು ಕೂಗುವ ದನಿಯಲ್ಲಿ ಕೂಗಿದೆ: "ನಿಲ್ಸೇ ವಿಜಿ!"

ಅವಳಿಗೆ ಕೇಳಿಸಲಿಲ್ಲ. ಆದರೆ ಎರಡೂ ಕೈ ಮೇಲೆತ್ತಿ ನಿಂತ ಸೀರೆಯ ಹೆಂಗಸು ಅಲ್ಲಿನ ಉಸ್ತುವಾರಿಯ ಕಣ್ಣಿಗೆ ಬಿದ್ದಳು. ಆತ ಸೀಟಿ ಊದಿದ. ಐದೂ ಜನ ಒಂದೇ ಸಲಕ್ಕೆ ಆಯುಧ ಖಾಲಿ ಮಾಡಿ ಕೆಳಗಿಟ್ಟು ಹಿಂದೆ ಸರಿದರು. ಸದ್ದು ಪೂರ್ತಿ ನಿಂತಿತು. ನನ್ನನ್ನು ಹಿಡಿದು ಪೊಲೀಸರಿಗೆ ಕೊಡುತ್ತಾರೆ ಎಂದುಕೊಂಡೆ. ಉಸ್ತುವಾರಿ ಹತ್ತಿರ ಬಂದು, ಏನು ಕಂಡಿತು ಎಂದು ಮೆಲ್ಲಗೆ ಕೇಳಿದ.

ಎಲ್ಲರೂ ನೋಡುತ್ತಿದ್ದರು. ತೋಟಾದಲ್ಲಿ ಪುಡಿ ಎಕ್ಸ್‌ಟ್ರಾ ಹಾಕಿದ್ದೇನೆ ಎಂದೆ.

ಏಕೆ ಹಾಕಿದೆ ಎಂದ.

"ಫ್ರೀ" ಎಂದೆ. ಅದಕ್ಕಿಂತ ಒಳ್ಳೆಯ ಇಂಗ್ಲಿಷು ಆಗ ಸಿಗಲಿಲ್ಲ.

ಅಷ್ಟರಲ್ಲಿ ಮೋಹನ್ ಏದುಸಿರು ಬಿಡುತ್ತ ಬಂದು ಕೊಸರು ಎಂದರೇನೆಂದು ವಿವರಿಸಿದರು. ಐದು ನಿಮಿಷ ಹಿಡಿಯಿತು. ವಾಲ್ಟರ್ ಮಾತ್ರ ತಲೆಯಾಡಿಸಿದ. ಅವನ ಅಜ್ಜಿಯ ಕಾಲದ ಬೇಕರಿಯವನು ಹನ್ನೆರಡು ಬನ್ನು ಕೇಳಿದರೆ ಹದಿಮೂರು ಕೊಡುತ್ತಿದ್ದನಂತೆ. "ಆದರೆ ಬನ್ನು ಸಿಡಿಯುವುದಿಲ್ಲ" ಎಂದ. ಅಪಾಯ ಕಂಡವರು ಯಾರೇ ಆಗಲಿ, ಅತಿಥಿಯಾದರೂ ಸರಿ, ಇಲ್ಲಿ ಎಲ್ಲವನ್ನೂ ನಿಲ್ಲಿಸಬಹುದು ಎಂದು ಉಸ್ತುವಾರಿ ನನಗೆ ಥ್ಯಾಂಕ್ಸ್ ಹೇಳಿದ. ಕೆಂಪು ಡಬ್ಬಿಯದು ಒಂದೂ ಹಾರಿರಲಿಲ್ಲ. ವಿಜಿ ಅದನ್ನು ಮುಚ್ಚಿ ವಾಲ್ಟರನ ಕೈಗೆ ಕೊಟ್ಟಳು.

ಪಕ್ಕದ ಕೋಣೆಯಲ್ಲಿ ವಾಲ್ಟರ್ ಸುತ್ತಿಗೆಯಂಥ ಒಂದು ಸಾಧನದೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದು ಗುಂಡನ್ನೂ ಪುಡಿಯನ್ನೂ ಬೇರೆ ಮಾಡಿದ. ಒಂದೊಂದರ ಪುಡಿಯನ್ನೂ ತೂಗಿ ಬರೆದುಕೊಂಡ. ಹತ್ತರಲ್ಲೂ ಪುಸ್ತಕದ ಗೆರೆ ದಾಟಿತ್ತು. ಬರೆದ ಚೀಟಿಯನ್ನು ಎರಡು ಸಲ ನೋಡಿ ವಾಲ್ಟರ್ ತಲೆಯ ಟೋಪಿ ತೆಗೆದ. ಹತ್ತಕ್ಕೆ ಹತ್ತರಲ್ಲೂ ಹೆಚ್ಚಿನ ಪುಡಿ ಒಂದೇ ತೂಕ. ನನ್ನ ಯಂತ್ರಕ್ಕೂ ಇದು ಬರುವುದಿಲ್ಲ ಎಂದ.

ನಾನು ಮೂರ್ಖಳು, ನನ್ನ ಮುಖ ಅರಳಿತು.

"ಖುಷಿ ಪಡ್ಬೇಡ ಅಕ್ಕ" ಎಂದಳು ವಿಜಿ. ಅದೇ ಅವಳ ಮೊದಲ ಮಾತು. "ಎಲ್ಲಾ ಸಮ ಇದ್ದಿದ್ದಕ್ಕೇ ನಂಗೆ ಟಾರ್ಚಲ್ಲಿ ಗೊತ್ತಾಗ್ಲಿಲ್ಲ."

ವಾಲ್ಟರ್ ಅವಳ ಕಡೆ ತಿರುಗಿದ. ಒಂದನ್ನು ಮತ್ತೆ ತೂಗಿ ನೋಡಿದೆಯಾ? ಇಲ್ಲ ಎಂದಳು. ಏಕೆ? ಅವಳು ನೆಲ ನೋಡಿದಳು. ತೂಗಿದವಳು ನನ್ನ ಅಕ್ಕ ಎಂದಳು.

"ಪುಡಿಗೆ ಅಕ್ಕ ತಂಗಿ ಗೊತ್ತಿಲ್ಲ" ಎಂದ ಮುದುಕ, ಸಿಟ್ಟಿಲ್ಲದೆ. ನನ್ನನ್ನು ಬೈದಿದ್ದರೆ ಚುಚ್ಚುತ್ತಿದ್ದುದಕ್ಕಿಂತ ಅದು ಹೆಚ್ಚು ಚುಚ್ಚಿತು.

ಕೊನೆಯ ವಾರ

ಮನೆಗೆ ಬಂದ ಮೇಲೆ ಮೂರು ದಿನ ನಾನು ಗ್ಯಾರೇಜಿನ ಬಾಗಿಲ ಕಡೆ ಹೋಗಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ತೂಕವನ್ನು ಯಾರೂ ತಿರುಗಿ ಕೇಳಿದ್ದಿಲ್ಲ. ಈಗ ಅನ್ನಕ್ಕೆ ನೀರಿಡಲೂ ಕೈ ಹಿಂಜರಿಯುತ್ತಿತ್ತು, ಮುದ್ದೆಯಾಗುತ್ತದೇನೋ ಎಂದು. ವಿಜಿ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ನಾನು ಮಾಡಿದ್ದನ್ನು ಉಣ್ಣುತ್ತಿದ್ದಳು. ಊರಿಗೆ ಹೊರಡಲು ಎಂಟು ದಿನವಿತ್ತು.

ಗುರುವಾರ ಊಟವಾದ ಮೇಲೆ ಬಂದು ಸೋಫಾದ ಮುಂದೆ ನಿಂತಳು.

"ಅಕ್ಕ, ಒಂದು ಕೇಳ್ತೀನಿ, ನಿಜ ಹೇಳು. ಕೊಸರು ಹಾಕ್ದೆ ಇರೋಕೆ ಆಗತ್ತಾ ನಿನ್ಗೆ?"

ಆಗುತ್ತದೆ ಎನ್ನಲು ಬಾಯಿ ತೆರೆದೆ. "ಆಗಲ್ಲ ಕಣೇ" ಎಂದೆ. "ಕೈ ಹೋಗೋದೇ ನಂಗೆ ಗೊತ್ತಾಗಲ್ಲ."

"ಸರಿ ಬಾ."

ಗ್ಯಾರೇಜಿನ ಮೇಜಿನ ಮೇಲೆ ತಕ್ಕಡಿ, ಚಮಚ, ಆಲಿಕೆ ಎಲ್ಲ ಇತ್ತು. ಅವುಗಳ ಪಕ್ಕ ಒಂದು ಸ್ಟೀಲ್ ಬಟ್ಟಲು, ಅದರ ಮೇಲೂ ಚೀಟಿ. ಕೊಸರು ಎಂದು ಕನ್ನಡದಲ್ಲಿ ಬರೆದು ತಾರೀಕು ಹಾಕಿದ್ದಳು.

"ತಟ್ಟೆ ಸುರಿದ ತಕ್ಷಣ ಆಲಿಕೆ ನಾನು ಎತ್ಕೋತೀನಿ. ನಿನ್ ಕೊಸರು ಇಲ್ಲಿಗೆ ಹಾಕು. ಪ್ರತಿ ಸಲ. ಎಣಿಸ್ಕೊಂಡು ಹಾಕು."

ಈ ಸಲ ಅವಳು ಬೆನ್ನು ತಿರುಗಿಸಿ ಕೂರಲಿಲ್ಲ. ನಾನು ತೂಗುತ್ತಿದ್ದೆ, ಸುರಿಯುತ್ತಿದ್ದೆ, ಅವಳು ಆಲಿಕೆ ಎತ್ತುತ್ತಿದ್ದಳು, ನನ್ನ ಕೈ ತನ್ನ ಪಾಡಿಗೆ ಎಡಕ್ಕೆ ಹೋಗಿ ಬಟ್ಟಲಿಗೆ ಒಂದು ಚಿಟಿಕೆ ಉದುರಿಸುತ್ತಿತ್ತು. ಒಂದು, ಎರಡು ಎಂದು ಜೋರಾಗಿ ಎಣಿಸಿದೆ. ಹತ್ತಾದ ಮೇಲೆ ವಿಜಿ ಟಾರ್ಚು ಹಿಡಿದು ನೋಡಿದಳು. ಆಮೇಲೆ ಒಂದಲ್ಲ, ಮೂರನ್ನು ತಟ್ಟೆಗೆ ಸುರಿದು ತೂಗಿದಳು. ಮೂರೂ ಸರಿಯಿದ್ದವು. ಬಟ್ಟಲಿನ ಪುಡಿಯನ್ನು ಡಬ್ಬಿಗೆ ವಾಪಸ್ಸು ಹಾಕಿ ಮುಚ್ಚಳ ಬಿಗಿದಳು.

ಶನಿವಾರ ನಾನು ಅವಳ ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ವಾಲ್ಟರ್. ಬಿಳಿ ಮುಗಿಯಿತು, ಹಸಿರು ಮುಗಿಯಿತು. ಎರಡು ಸಲವೂ ವಿಜಿ ನಳಿಗೆ ನೋಡಿದಳು, ವಾಲ್ಟರ್ ಖಾಲಿ ತೋಟಾ ನೋಡಿದ. ಕೆಂಪು ಡಬ್ಬಿ ತೆರೆದು ಒಂದು ತೋಟಾ ಕೈಗೆ ತೆಗೆದುಕೊಂಡಳು. ಅದನ್ನು ಒಳಗೆ ಹಾಕದೆ ಡಬ್ಬಿಯ ಪಕ್ಕ ಇಟ್ಟು ನನ್ನ ಕಡೆ ತಿರುಗಿದಳು. ಒಂದು ಕಿವಿಯ ಮುಚ್ಚಿಗೆ ಸರಿಸಿದಳು, ನಾನೂ ಸರಿಸಿದೆ.

"ಅಕ್ಕ, ಹಾಕಿಲ್ಲ ತಾನೆ?"

ತಕ್ಕಡಿ ಆಗಲೇ ಮೂರು ಸಲ ಹೇಳಿತ್ತು. ಅವಳೇ ಬರೆದಿಟ್ಟುಕೊಂಡಿದ್ದಳು. ಆದರೂ ನನ್ನನ್ನು ಕೇಳಿದಳು.

"ಇಲ್ಲ" ಎಂದೆ.

ಅವಳು ಮುಚ್ಚಿಗೆ ಸರಿಮಾಡಿಕೊಂಡು, ತೋಟಾ ತುಂಬಿ, ಗುಂಡು ಹೊಡೆದಳು.